ಅಕ್ಕನ ಪಟಕ್ಕೆ ನನ್ನ ಮುಖ

ನನ್ನ ಮುಖಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚಿದ್ದನ್ನು ನಾನೇ ಎದುರು ನಿಂತು ನೋಡಿದ್ದೇನೆ. ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ನಮ್ಮಕ್ಕ ವೀರಮ್ಮನಿಗೆ ಕ್ಯಾಮೆರಾ ಎಂದರೆ ಭಯ. ಫೋಟೋ ಹಿಡಿದರೆ ಆಯಸ್ಸು ಕಡಿಮೆಯಾಗುತ್ತದಂತೆ. ಓಟಿನ ಕಾರ್ಡಿಗೆ ಫೋಟೋ ತೆಗೆಯುವವರು ಬಂದ ದಿನ ದ್ರಾಕ್ಷಿ ಚಪ್ಪರದ ಕೆಳಗೆ ಅವಿತು ಕೂತಳು. ಅಷ್ಟು ಜೋಪಾನ ಮಾಡಿದ ಆಯಸ್ಸು ಒಂದು ಜ್ವರಕ್ಕೆ ಮುಗಿಯಿತು. ಕರೆದವರಿಗೆಲ್ಲ ಮುಖ ಒಡ್ಡಿದ ನಾನು ಇನ್ನೂ ಮುದ್ದೆ ನುಂಗುತ್ತಿದ್ದೇನೆ.

ಕಷ್ಟ ಬಂದದ್ದು ಅಕ್ಕನ ಮಗಳು ಲಕ್ಕಮ್ಮನಿಗೆ. ಮಗನ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲು ಸತ್ತ ಹಿರಿಯರ ಪಟದ ಮುಂದೆ ಸೀರೆ ಇಟ್ಟು ಕೈ ಮುಗಿಯಬೇಕು. ಚಿನ್ನಾಳಪಟ್ಟಿ ಸೀರೆ ಬಂತು, ಪಟವೇ ಇಲ್ಲ.

"ಚಿಕ್ಕವ್ವ, ಕಣ್ಣು ಮುಚ್ಚಿದ್ರೂ ಅವ್ವನ ಮುಖ ಬರಲ್ಲ. ಮಾಸಿ ಹೋಗ್ತಾ ಇದೆ. ನೀ ಬಂದು ಕೂರು" ಎಂದಳು. ತೇನಿ ಪೇಟೆಯಲ್ಲಿ ಕಂಪ್ಯೂಟರ್ ಇಟ್ಟ ಸ್ಟುಡಿಯೋ ಇದೆ, ತಂಗಿಯನ್ನು ಕೂರಿಸಿದರೆ ಅಕ್ಕನನ್ನು ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ನನಗೆ ಅಳುಕು. ಪಟ ಒಮ್ಮೆ ಗೋಡೆಗೇರಿದರೆ ಅದೇ ಮುಖ ಗಟ್ಟಿ. ತಪ್ಪು ಮುಖ ಏರಿದರೆ ಲಕ್ಕಿಯ ತಲೆಯಲ್ಲಿ ಉಳಿದಿರುವ ಚೂರು ಅಕ್ಕನೂ ಹೋಗುತ್ತಾಳೆ.

ಸ್ಟುಡಿಯೋದಲ್ಲಿ ಕ್ಯಾಮೆರಾದ ಬೆನ್ನಿನಿಂದ ಒಂದು ವಯರು ಟಿ.ವಿ.ಯಂಥ ಪೆಟ್ಟಿಗೆಗೆ ಹೋಗಿತ್ತು. ಇಲ್ಲಿ ಸ್ಟೂಲಿನ ಮೇಲೆ ಕೂತ ನಾನು ಅಲ್ಲಿ ಪೆಟ್ಟಿಗೆಯೊಳಗೂ ಕೂತಿದ್ದೆ. ಕನ್ನಡಿಯಲ್ಲಿರುವ ಮುದುಕಿ ನಾನು ಕೈ ಎತ್ತಿದ ಕಡೆಯೇ ಎತ್ತುತ್ತಾಳೆ. ಇವಳು ಎದುರುಮನೆಯವಳ ಹಾಗೆ ಆಚೆ ಕಡೆಯ ಕೈ ಎತ್ತಿದಳು. ಇಷ್ಟು ವರ್ಷ ಊರವರು ನೋಡಿದ್ದು ಇವಳನ್ನೇ ಎಂದಾಯಿತು. ನನಗೆ ಮಾತ್ರ ಈಗ ಪರಿಚಯ.

ಪೈಪಿನಲ್ಲಿ ನೀರು ಹೋಗುವುದು ಗೊತ್ತು. ಮುಖ ಹೇಗೆ ಹೋಗುತ್ತದೆ? "ನಡುವೆ ವಯರು ಕಿತ್ರೆ ಅರ್ಧ ಮೂಗು ಒಳಗೇ ನಿಲ್ತದೇನಪ್ಪ?" ಎಂದೆ.

"ಅಸೈಯಾದೀಂಗ ಪಾಟಿ" ಎಂದ ಸ್ಟುಡಿಯೋದವನು. ತಮಿಳಿನಲ್ಲಿ ಅಲುಗಬೇಡ ಅಜ್ಜಿ ಎಂದರ್ಥ. ಗೊತ್ತಿಲ್ಲದ್ದನ್ನು ಕೇಳಿದರೆ ಡಾಕ್ಟರೂ ಹೀಗೆಯೇ ಹೇಳುತ್ತಾರೆ.

ಮೊದಲೆಲ್ಲ ಫೋಟೋ ತೊಳೆದು ಬರುವ ತನಕ ಯಾರೂ ತಗಾದೆ ತೆಗೆಯುವಂತಿರಲಿಲ್ಲ. ಈಗ ಮುಖ ಇನ್ನೂ ಕುತ್ತಿಗೆಯ ಮೇಲಿರುವಾಗಲೇ ಪಂಚಾಯಿತಿ. ಅಕ್ಕನ ಕಿವಿ ಓಲೆಯ ಭಾರಕ್ಕೆ ಭುಜದವರೆಗೆ ಜೋತಿದ್ದವು. ನಾನು ಹರೆಯದಲ್ಲೇ ಜೋತ ಕಿವಿ ಹೊಲಿಸಿ ಚಿಕ್ಕದು ಮಾಡಿಸಿಕೊಂಡವಳು. ಸ್ಟುಡಿಯೋದವನು ಒಂದು ಫೋಟೋ ಹಿಡಿದು, ಪೆಟ್ಟಿಗೆಯೊಳಗೆ ನನ್ನ ಕಿವಿಯನ್ನು ಹಿಟ್ಟಿನ ಹಾಗೆ ಎಳೆದ. ನೋವಾಗಲಿಲ್ಲ, ಆದರೂ ಕೈ ಕಿವಿಗೆ ಹೋಯಿತು.

ಲಕ್ಕಿ ತಲೆಯಾಡಿಸಿದಳು. "ಕಿವಿ ಅವ್ವಂದೇ. ಅವ್ವ ಅಲ್ಲ. ಇನ್ನೊಂದು ಸಲ ಕೂರು. ಸ್ವಲ್ಪ ಲಕ್ಷಣವಾಗಿ ಕೂರು ಚಿಕ್ಕವ್ವ."

ನನಗೆ ಪಿತ್ತ ಕೆರಳಿತು. "ಸತ್ತವಳಿಗೆ ಲಕ್ಷಣ ಹುಡುಕ್ತೀಯೇನೆ? ಬದುಕಿದ್ದಾಗ ಅವಳ ಮುಖ ಎತ್ತಿ ನೋಡಿದ್ಯಾ? ಅವಳು ಬಯ್ಯೋಕೆ ನೀ ತಲೆ ತಗ್ಗಿಸೋಕೆ, ಅದರಲ್ಲೇ ಕಾಲ ಹೋಯ್ತಲ್ಲೇ!"

ಸ್ಟುಡಿಯೋದವನು ಮತ್ತೆ ಕ್ಯಾಮೆರಾ ಹಚ್ಚಿದ್ದ. ಪೆಟ್ಟಿಗೆಯ ಕಡೆ ನೋಡಿದೆ. ಅಲ್ಲಿ ಅಕ್ಕ ಬಯ್ಯುತ್ತಿದ್ದಳು. ಹುಬ್ಬು ಗಂಟು, ಕೆಳತುಟಿ ಒಂದು ಪಕ್ಕಕ್ಕೆ. ಹಾಲು ಚೆಲ್ಲಿದ ಹುಡುಗಿಯ ಹಾಗೆ ನನ್ನ ಬಾಯಿ ಕಟ್ಟಿತು.

"ಅಣ್ಣೋ, ಅದೇ, ಅದೇ!" ಲಕ್ಕಿ ಚೀರಿದಳು. "ಚಿಕ್ಕವ್ವ, ನಿಲ್ಲಿಸ್ಬೇಡ, ಬಯ್ಯಿ!"

ಬೇಡಿ ಬೇಡಿ ಬಯ್ಯಿಸಿಕೊಂಡವಳನ್ನು ನಾನು ಅವತ್ತೇ ನೋಡಿದ್ದು. ಅವಳು ತಲೆ ತಗ್ಗಿಸಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು.

ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸಿ ನೆಟ್ಟರೆ ತಾಯಿ ಬಳ್ಳಿಯ ಹಣ್ಣೇ ಬರುತ್ತದೆ. ಸಿಹಿ ಬಂದಂತೆ ಹುಳಿಯೂ ಬರುತ್ತದೆ. ನಮ್ಮಿಬ್ಬರಿಗೂ ಹುಳಿಯಲ್ಲೇ ಹೋಲಿಕೆ ಎಂದು ತಿಳಿಯಲು ಒಂದು ವಯರು ಬೇಕಾಯಿತು.

ಮದುವೆಗೆ ಮೊದಲು ಆ ಸಿಡುಕು ಮುಖದ ಮುಂದೆ ಸೀರೆ ಇಟ್ಟರು, ವಡೆ ಇಟ್ಟರು. ಮದುವಣಿಗ ಅಡ್ಡಬಿದ್ದ. ಪಕ್ಕದಲ್ಲೇ ನಿಂತಿದ್ದ ನನ್ನ ಮೂಗಿಗೂ ಹೊಗೆ ಬಂತು. ವಡೆ ಚೆನ್ನಾಗಿತ್ತು.

ಲಕ್ಕಿಗೆ ಹೇಳಿಟ್ಟಿದ್ದೇನೆ: ನಾ ಸತ್ತಾಗ ಬೇರೆ ಫೋಟೋಗೆ ಓಡಾಡಬೇಡ. ಇದನ್ನೇ ಇನ್ನೊಂದು ಮಾಡಿಸು. ಕಿವಿ ಮಾತ್ರ ವಾಪಸ್ಸು ಚಿಕ್ಕದು ಮಾಡೋಕೆ ಹೇಳು.