ಓಣಿಯ ಕಲ್ಲೆಲ್ಲ ಸವೆದ ಕಾಲ

ನಿನ್ನೆ ಗಿರಣಿಯಿಂದ ತಂದಾಗ ಜೋಳದ ಹಿಟ್ಟು ಇನ್ನೂ ಬೆಚ್ಚಗಿತ್ತು. ಚೀಲ ಬಿಚ್ಚಿದರೆ ಮಸ್ಕಿಯ ನಮ್ಮ ಹಳೆಯ ಓಣಿಯೇ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಅಲ್ಲಿ ಪಕ್ಕದ ಮನೆಯ ನೀಲಮ್ಮತ್ತಿಯ ಕೂಸು ತೀರಿಕೊಂಡಿತ್ತು. ಗೋಡೆಗೆ ಮುಖ ಮಾಡಿ ಮಲಗಿದ ಆಕೆ ಏಳಲೇ ಇಲ್ಲ. ಕೊಟ್ಟ ರೊಟ್ಟಿ ತಾಟಿನಲ್ಲೇ ಒಣಗುತ್ತಿತ್ತು. ಹಕೀಮರ ಪುಡಿಯೂ ನಾಟಲಿಲ್ಲ.

ಒಂದು ನಸುಕಿನಲ್ಲಿ ಅವ್ವ ಜೋಳದ ಬುಟ್ಟಿ ಹೊತ್ತು ಅವರ ಮನೆಗೆ ನಡೆದಳು. ನಾನು ಹಿಂದೆ.

"ನೀಲವ್ವ, ನಮ್ಮ ಬೀಸೋಕಲ್ಲು ಸವದು ಹೋಗೈತಿ. ನಿಮ್ಮ ಕಲ್ಲಾಗ ಬೀಸ್ಕೋತೀನಿ. ಒಬ್ಬಾಕಿಗೆ ಆಗವಲ್ದು, ಎದುರಿಗೆ ಕುಂತು ಗೂಟ ಹಿಡಿ ಬಾ."

"ನಮ್ಮ ಕಲ್ಲು ಚೊಲೋನ ಐತಲ್ಲಬೇ, ಮೊನ್ನೇನ ಉಳಿ ಹೊಡಿಸೀದಿ," ಎಂದೆ. ಅವ್ವ ನನ್ನ ತೊಡೆ ಚಿವುಟಿದಳು.

ಮರುದಿನ ಎದುರುಮನೆಯ ಶಾಂತಮ್ಮನ ಕಲ್ಲೂ ಸವೆಯಿತು. ಆಮೇಲೆ ಓಣಿಯ ಎಲ್ಲರದೂ. ದಿನಾ ಯಾರಾದರೊಬ್ಬರು ಬುಟ್ಟಿ ಹೊತ್ತು ಬರುವರು, ಆಕೆಯನ್ನು ಎಬ್ಬಿಸಿ ಬೀಸುವರು, ಅಲ್ಲೇ ರೊಟ್ಟಿ ಬಡಿದು ಆಕೆಯನ್ನೂ ಕೂಡಿಸಿಕೊಂಡು ಉಣ್ಣುವರು. ಕೂಸಿನ ಮಾತು ಯಾರೂ ಎತ್ತಲಿಲ್ಲ. ಕಡೆಗೆ ಆಕೆಯೇ ಒಂದು ದಿನ ಬೀಸುವ ಪದದೊಳಗೆ ಕೂಸಿನ ಹೆಸರು ಸೇರಿಸಿ ಹಾಡಿದಳು, ಬಿಕ್ಕಿ ಬಿಕ್ಕಿ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು, "ಓಣ್ಯಾಗಿನ ಕಲ್ಲೆಲ್ಲಾ ಒಮ್ಮೆಲೆ ಸವದಾವೇನ್ರೇ?" ಎಂದು ನಕ್ಕಳು.

ನಮ್ಮ ಯಜಮಾನರು ತೀರಿಹೋದಮೇಲೆ ನನಗೂ ಊಟ ಬೇಡವಾಗಿದೆ. ಈಗ ನಾನಿರುವ ಪಟ್ಟಣದ ನೆರೆಯವರು ಒಳ್ಳೆಯವರೇ, ಫೋನ್ ಮಾಡಿ "ಊಟ ಆಯಿತಾ?" ಎಂದು ಕೇಳುತ್ತಾರೆ. ಆದರೆ ಈ ಓಣಿಯಲ್ಲಿ ಯಾರ ಮಿಕ್ಸಿಯೂ ಕೆಡುವುದಿಲ್ಲ.