ಸಿದ್ದವ್ವ ಬಿಚ್ಚಿ ನೋಡದೆ ಆಡಿದ ಮಾತು

ಚರ್ಮ ಕೆರೆಯುವ ರಂಪಿಯ ಅಲಗಿಗೆ ಹಳೆಯ ಅಂಟು ಸುರುಳಿ ಸುರುಳಿಯಾಗಿ ಏಳುತ್ತಿದೆ. ಎಕ್ಕಂಬಿಯ ಮೊದಲ ಬಸ್ಸಿಗೆ ಶಿರಸಿಯಲ್ಲಿ ಇಳಿದ ಸಿದ್ದವ್ವ, ಇನ್ನೂ ಬಾಗಿಲು ತೆರೆಯದ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಬೂಟಿನ ಅಟ್ಟೆ ಕೆರೆಯುತ್ತಿದ್ದಾರೆ. ಪಕ್ಕದಲ್ಲಿ ನಾಗಿ ಬಾಳೆಹಣ್ಣಿನ ಬುಟ್ಟಿ ಇಳಿಸುತ್ತಾಳೆ.

ಗಂಡ ತೀರಿಕೊಂಡ ಮೇಲೆ ಅವನ ರಂಪಿ, ದಬ್ಬಳ ಹಿಡಿದು ಇಪ್ಪತ್ತಾರು ವರ್ಷ. ಹೆಂಗಸು ಹೊಲಿದ ಮೆಟ್ಟು ಎಷ್ಟು ದಿನ ಬಾಳೀತು ಎಂದು ನಕ್ಕವರ ಮನೆಯಿಂದಲೇ ಈಗ ದಿನಕ್ಕೆ ಹದಿನೈದಿಪ್ಪತ್ತು ಜೊತೆ ಬರುತ್ತವೆ. ಹೊಲಿಗೆ ಬಿಚ್ಚಿ ಒಳಗನ್ನು ನೋಡದೆ ಯಾವ ಮೆಟ್ಟಿನ ಗುಣವನ್ನೂ ಸಿದ್ದವ್ವ ಹೇಳುವುದಿಲ್ಲ. ಒಮ್ಮೆ ಮಾತ್ರ ಹೇಳಿಬಿಟ್ಟರು.

ಹುಲೇಕಲ್ಲಿನ ಆಟದ ಮಾಸ್ತರು ರವೀಂದ್ರ ಅವರ ಹತ್ತಿರ ಇಪ್ಪತ್ತು ವರ್ಷದ ಹಳೆಯ ಬೂಟಿದೆ. ಮೂರು ಸಲ ಅಟ್ಟೆ ಬದಲಿಸಿದರೂ ಮೇಲಿನ ಚರ್ಮ ಸೀಳಿಲ್ಲ. ಅಂದು ಎರಡು ಸಾವಿರ ಕೊಟ್ಟದ್ದು. ಅದೇ ಮಾದರಿಯನ್ನು ಕಂಪನಿ ಮತ್ತೆ ಹೊರತಂದಿತು, ಬೆಲೆ ಹನ್ನೆರಡು ಸಾವಿರ. ತಗೊಳ್ಳಲೋ ಬೇಡವೋ ಎಂದು ಮಾಸ್ತರು ಕೇಳಿದಾಗ, ಹಳೆಯದರ ಭರವಸೆಯಲ್ಲಿ ಸಿದ್ದವ್ವ ಕಣ್ಣುಮುಚ್ಚಿ ತಗೊಳ್ಳಿ ಎಂದರು. ಆ ಮಾತು ಕೇಳಿ ಇನ್ನೂ ನಾಲ್ವರು ಕೊಂಡರು. ಎಂಟು ತಿಂಗಳಿಗೆ ಐದೂ ಜೊತೆ ಬೆರಳಿನ ಹತ್ತಿರ ಬಿರಿದವು.

"ಹನ್ನೆರಡು ಸಾವಿರ ಕೊಟ್ಟು ಸಿಪ್ಪೆ ತಗಂಡ್ರಲ್ಲೇ ಮಾರಾಯ್ತಿ" ಎಂದು ನಾಗಿ ಛೇಡಿಸಿದಳು.

ಸಿದ್ದವ್ವ ನಗಲಿಲ್ಲ. ಮಾಸ್ತರ ಮುಂದೆಯೇ ಒಂದು ಬೂಟು ಬಿಚ್ಚಿದರು. "ಮ್ಯಾಲೆ ಪ್ಲಾಸ್ಟಿಕ್ಕಿನ ಪೊರಿ, ಕೆಳಗ ಚರ್ಮದ ಚೂರು ಅರದು ಒತ್ತಿದ್ದು. ಹಳೇದು ಮಡಚಿದ್ರ ಗೆರಿ ಬೀಳ್ತಿತ್ತು, ಇದು ಮಡಚಿದ್ರ ಸೀಳತೈತಿ ನೋಡ್ರಿ" ಎಂದರು.

ಕಂಪನಿ ತಪ್ಪನ್ನು ರಿಪೇರಿಯವರ ಅಂಟಿನ ಮೇಲೆ ಹೊರಿಸಿತು. ಮಾಸ್ತರು ಗ್ರಾಹಕರ ನ್ಯಾಯಾಲಯಕ್ಕೆ ದೂರಿನ ಕಾಗದ ಬರೆದರು. ಅದಕ್ಕೆ ಬೂಟು ಬಿಚ್ಚಿ ನೋಡಿದವರ ಸಹಿ ಬೇಕಿತ್ತು. ನೋಡದೆ ಹೇಳಿದ್ದು ನನ್ನ ತಪ್ಪು ಎಂಬ ಸಾಲನ್ನು ಸಿದ್ದವ್ವ ತಾವೇ ಹೇಳಿ ಬರೆಸಿದರು. ಆದರೆ ಸಹಿ ಹಾಕಲಿಲ್ಲ. ಆ ಬೂಟು ಮಾರಿದ್ದು ಇದೇ ಅಂಗಡಿ. ಕಾಗದ ಹೋದರೆ ಕಟ್ಟೆ ಬಿಡಬೇಕಾದೀತು ಎಂದು ಮಾಲೀಕ ಸುಭಾಷ್ ಮೆತ್ತಗೆ ತಿಳಿಸಿದ್ದರು. ಮೂರು ತಿಂಗಳು ಅದು ಹತ್ಯಾರದ ಪೆಟ್ಟಿಗೆಯಲ್ಲೇ ಉಳಿಯಿತು.

ಇವತ್ತು ಹತ್ತು ಗಂಟೆಗೆ, ಅಂಗಡಿ ತೆರೆದ ಹೊತ್ತಿಗೆ, ನರ್ಸ್ ಜ್ಯೋತಿ ಬರುತ್ತಾರೆ. ಕೈಯಲ್ಲಿ ಎರಡು ತಿಂಗಳ ಉಳಿತಾಯ. ಅದೇ ಬೂಟು ಬೇಕಂತೆ.

"ನೀವು ಹೇಳಿದ್ರಿ ಅಂತ ಬಂದೆ ಅವ್ವ."

"ಹೇಳಿದ್ದೆ. ತಪ್ಪು ಹೇಳಿದ್ದೆ. ತಗೋಬ್ಯಾಡವ್ವ."

ಒಳಗಿನಿಂದ ಸುಭಾಷ್ ಕತ್ತು ಹೊರಹಾಕಿ, ನಾಳೆಯಿಂದ ಎಲ್ಲಿ ಕೂರ್ತಿ ಎಂದಷ್ಟೇ ಕೇಳುತ್ತಾರೆ.

"ಕಟ್ಟಿ ನಿಮ್ದ್ರಿ. ಮಾತು ನಂದು" ಎಂದು ಸಿದ್ದವ್ವ ಪೆಟ್ಟಿಗೆ ತೆರೆಯುತ್ತಾರೆ. ಕಾಗದಕ್ಕೆ ಸಹಿ ಹಾಕಿ, ಬಿರಿದ ಬೂಟಿನಿಂದ ಒಂದು ಪಟ್ಟಿ ಕೊಯ್ದು, ಎರಡನ್ನೂ ಲಕೋಟೆಯಲ್ಲಿಟ್ಟು, ಬೂಟುಗಳನ್ನು ನಾಗಿಯ ಸುಪರ್ದಿಗೆ ಬಿಟ್ಟು ಅಂಚೆ ಕಚೇರಿಗೆ ನಡೆಯುತ್ತಾರೆ.

ರಿಜಿಸ್ಟರ್ ಮಾಡುವಾಕೆ ಲಕೋಟೆ ಹಿಚುಕಿ, ಒಳಗೆ ಏನಿದೆ ಎಂದು ಕೇಳುತ್ತಾರೆ.

"ಕಾಗದ," ಎನ್ನುತ್ತಾರೆ ಸಿದ್ದವ್ವ. "ಮತ್ತ, ಅವ್ರು ಚರ್ಮ ಅಂತ ಮಾರಿದ್ದು."

ಆಕೆ ಮೊಹರು ಒತ್ತಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕುತ್ತಾರೆ.