ನಳ ಮುಚ್ಚದ ಓಣಿ

ಅದು ಬೇಸಿಗೆ ಎಂದು ನಾನು ಬರೆಯುತ್ತೇನೆ. ಶ್ರಾವಣ ಎನ್ನುತ್ತಾಳೆ ತಂಗಿ. ಇರಲಿ. ಬೆಳಗಾವಿಯ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬರುತ್ತಿದ್ದ ಕಾಲ. ಯಾವ ಹೊತ್ತಿಗೆ ಬರುತ್ತದೋ ಗೊತ್ತಿರುತ್ತಿರಲಿಲ್ಲವಾದ್ದರಿಂದ ಯಾರೂ ನಳ ಮುಚ್ಚುತ್ತಿರಲಿಲ್ಲ. ಕೆಳಗೊಂದು ತಗಡಿನ ಡಬ್ಬಿ ಬೋರಲು ಹಾಕಿಡುವುದು. ನೀರು ಬಿದ್ದೊಡನೆ ಅದು ಡಬಡಬ ಬಡಿದು ಸುದ್ದಿ ಕೊಡುತ್ತಿತ್ತು. ಉಳಿದ ದಿನ ಅವ್ವ ಓಣಿಯ ಕೊನೆಯ ಬೋರಿನಿಂದ ಕೊಡ ಹೊರುತ್ತಿದ್ದಳು. ಅವಳ ಸೊಂಟ ಹಿಡಿದುಕೊಂಡಿತ್ತು. ನಾನು ಹೊರುತ್ತೇನೆಂದರೆ, “ನೀ ಕೆಲಸಕ್ಕ ಹೋಗು, ಉದ್ಯಮಬಾಗದ ಬಸ್ಸ ಹಿಡಿ ಮೊದ್ಲ” ಎನ್ನುತ್ತಿದ್ದಳು.

ಆಗ ಬಂತು ಖಾಸಗಿ ಕಂಪನಿ. ಊರಿನ ಕೆಲವೇ ಭಾಗಗಳಿಗೆ ಹಗಲು ರಾತ್ರಿ ನೀರು ಕೊಟ್ಟು ತೋರಿಸುತ್ತದಂತೆ. ನಮ್ಮ ಓಣಿಯನ್ನು ಸೇರಿಸಬೇಕೋ ಬೇಡವೋ ಎನ್ನುವುದಕ್ಕೆ ಒಂದು ದಿನದ ಪರೀಕ್ಷೆ. ಅವ್ವನ ಸೊಂಟದ ಸಲುವಾಗಿ ನಾನು ದೇವರಿಗಿಂತ ಹೆಚ್ಚು ಕಂಪನಿಯನ್ನು ನಂಬಿದ್ದೆ. ಯಾವತ್ತು ನೀರು ಬಿಡುತ್ತೇವೆಂದು ಅವರು ಹೇಳಲಿಲ್ಲ. ನಳ ಮುಚ್ಚಿರಿ ಎಂದೂ ಹೇಳಲಿಲ್ಲ.

ಆ ದಿನ ಅವ್ವನೂ ನಾನೂ ಖಾನಾಪುರದಲ್ಲಿ ಹೊಳೆದಂಡೆಯ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಬಸ್ಸಿಳಿದು ಬಂದರೆ ಓಣಿ ತುಂಬ ನೀರು. ಬೀಗ ಹಾಕಿದ ಮನೆಗಳೊಳಗೆ ಡಬ್ಬಿಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಎಲ್ಲ ಮನೆಗೂ ಬೀಗವಿರಲಿಕ್ಕಿಲ್ಲ; ನೆನಪು ಇಲ್ಲಿ ತೀರ ಅಚ್ಚುಕಟ್ಟಾಗುತ್ತಿದೆ. ಎದುರುಮನೆಯವಳಂತೂ ಸೀರೆ ಎತ್ತಿಕಟ್ಟಿ ಬಾಗಿಲಲ್ಲೇ ನಿಂತಿದ್ದಳು.

“ಖಾನಾಪುರಕ್ಕ ಯಾಕ ಹೋಗಿದ್ರಿ ಅಕ್ಕಾರ? ಹೊಳಿ ಇಲ್ಲೇ ಬಂದೈತಲ್ರಿ!”

ಕಂಪನಿಯ ಇಂಜಿನಿಯರ್ ಕೆಂಡವಾಗಿದ್ದ. “ನಲ್ಲಿ ಯಾಕೆ ತೆರೆದಿಟ್ಟಿದ್ದೀರಿ? ಪೈಪಿನಲ್ಲಿ ಒತ್ತಡವೇ ನಿಲ್ಲುತ್ತಿಲ್ಲ!”

“ಮುಚ್ಚಿದ್ರ ನೀರ ಬಂದದ್ದು ಹೆಂಗ ಗೊತ್ತಾಗಬೇಕೋ ತಮ್ಮಾ?” ಅವ್ವ ಕೇಳಿದಳು.

“ಯಾವಾಗಲೂ ಇರುತ್ತಮ್ಮಾ!”

“ಮತ್ತ ಅದನ್ನ ಮೊದ್ಲ ಹೇಳಬೇಕಿಲ್ಲೋ?”

ಇನ್ನೊಂದು ದಿನ ಕೊಡಿ, ಮನೆಮನೆಗೆ ಹೋಗಿ ನಾನೇ ನಳ ಮುಚ್ಚಿಸುತ್ತೇನೆ ಎಂದು ಅವನ ಜೀಪಿನ ಬಾಗಿಲು ಹಿಡಿದು ಕೇಳಿದೆ. “ಈ ಜನಕ್ಕೆ ನೀರಿನ ಬೆಲೆ ಗೊತ್ತಿಲ್ಲ” ಎಂದು ಚಾಲಕನಿಗೆ ಹೇಳಿದ, ನನಗಲ್ಲ. ಕಂಪನಿಯ ಗಡಿ ಪಕ್ಕದ ಓಣಿಗೇ ನಿಂತಿತು. ಆಮೇಲೆ ನಾನು ಹತ್ತಿಳಿದ ಕಚೇರಿಯ ಮೆಟ್ಟಿಲುಗಳನ್ನು ಬರೆಯುವುದಿಲ್ಲ. ಬರೆದರೆ ಏನೋ ಆಯಿತು ಎಂಬಂತೆ ಕಾಣುತ್ತದೆ.

ಕೆಲವು ತಿಂಗಳಿಗೆ ಪಕ್ಕದ ಓಣಿಗೆ ಹಗಲು ರಾತ್ರಿ ನೀರು ಬಂತು. ಅವ್ವ ಕೊಡ ಹಿಡಿದು ಅಲ್ಲಿಗೆ ಹೋದಳು, ಹಿಂದೆ ನಾನೂ. ನಮ್ಮ ಬೋರಿಗಿಂತ ಅದು ದೂರ. ಕೊಡ ತುಂಬಿದ ಮೇಲೆ ಆ ಮನೆಯವರ ನಳವನ್ನು ಮುಚ್ಚಿದಳು. ತುಸು ನಿಂತು ತೆರೆದಳು. ನೀರಿತ್ತು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು.

“ಖರೇನ ಐತಲ್ಲೋ” ಎಂದು ಕೊಡವನ್ನು ಆ ಸೊಂಟಕ್ಕೇ ಏರಿಸಿದಳು.